ಪಶ್ಚಿಮದ ಅಡಚಣೆ: ಚಳಿಗಾಲದ ಮಳೆ ಮತ್ತು ಹಿಮ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾಯವ್ಯ ಭಾರತಕ್ಕೆ ಮಳೆ ತರುವುದು ಪಶ್ಚಿಮದ ಅಡಚಣೆ. ಮೆಡಿಟರೇನಿಯನ್ ಕಡೆ ಹುಟ್ಟುವ ಈ ವಾಯುಭಾರ ಕುಸಿತಗಳನ್ನು ಜೆಟ್ ಪ್ರವಾಹ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿಸಿ ಹಿಮಾಲಯದತ್ತ ಸಾಗಿಸುತ್ತದೆ. ಒಂದೇ ಅಡಚಣೆಯಿಂದ ಪಂಜಾಬಿನ ಬಯಲಲ್ಲಿ ತಣ್ಣನೆಯ ಮಳೆ, ಗುಲ್ಮಾರ್ಗ್‌ನಲ್ಲಿ ಹಿಮ. ನಡುವಿನ ಎತ್ತರಗಳಲ್ಲಿ ಉಷ್ಣಾಂಶ 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಹಿಮದ ಹಳುಕುಗಳು ಅರೆಬರೆ ಕರಗಿ, ಮಳೆಯೊಂದಿಗೆ ಬೆರೆತು ಬೀಳುತ್ತವೆ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ: ಹೀಗೆ ಬೆರೆತು ಬೀಳುವುದು ಆಲಿಕಲ್ಲಲ್ಲ. ಆಲಿಕಲ್ಲು ಬೆಳೆಯುವುದು ಗುಡುಗುಮೋಡದೊಳಗಿನ ಬಲವಾದ ಮೇಲ್ಮುಖ ಗಾಳಿಯಲ್ಲಿ.

ಉತ್ತರದ ರೈತರು ‘ಮಾವಟ್’ ಎನ್ನುವ ಈ ಚಳಿಗಾಲದ ಮಳೆ ಅಲ್ಪವಾದರೂ ಗೋಧಿಗೆ ಜೀವಾಳ. ಇದೇ ಋತುವಿನಲ್ಲಿ ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯೇ ‘ಚಿಲ್ಲೈ ಕಲಾನ್’. ತಮಿಳುನಾಡಿನ ಅಕ್ಟೋಬರ್–ಡಿಸೆಂಬರ್ ಮಳೆಗೆ ಕಾರಣ ಈಶಾನ್ಯ ಮಾರುತ; ಅದನ್ನು ಪಶ್ಚಿಮದ ಅಡಚಣೆಯೊಂದಿಗೆ ಬೆರೆಸಬೇಡಿ.