ಪೌತಿಯಾಗದ ಖಾತೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಮ್ಮ ದೊಡ್ಡಪ್ಪ ಶಂಕರಘಟ್ಟದ ಮನೆಯಲ್ಲಿ ಕೂತು ಏಳು ತಲೆಮಾರಿನ ವಂಶವೃಕ್ಷವನ್ನು ಇಂಟರ್‌ನೆಟ್‌ಗೆ ಏರಿಸಿದರು. ಅವರು ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಜಮೀನಾಗಿದ್ದರೆ ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಬಹುದು. ಇದಕ್ಕೆ ಅಂಥ ಕಚೇರಿಯಿಲ್ಲ. ಪರಿಚಯದ ಕೆಲವು ಮನೆಗಳಿಗೂ ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ತಿಳಿದದ್ದು ಇಷ್ಟು.

1. ಸಿಮ್ ಸಾಯದಂತೆ ನೋಡಿಕೊಳ್ಳಿ. ವೈಕುಂಠ ಸಮಾರಾಧನೆ ಮುಗಿಯುತ್ತಲೇ ಮನೆಯವರು ಹೋದವರ ಮೊಬೈಲಿಗೆ ರೀಚಾರ್ಜ್ ನಿಲ್ಲಿಸುತ್ತಾರೆ. ಖಾತೆಯ ಒಟಿಪಿ ಬರುವುದು ಆ ನಂಬರಿಗೇ. 90 ದಿನ ಬಳಸದ ನಂಬರನ್ನು ಕಂಪನಿ ರದ್ದು ಮಾಡಬಹುದು. ಆಮೇಲೆ ಅದು ಇನ್ಯಾರದೋ ಕೈ ಸೇರುತ್ತದೆ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯೂ ಅಳಿಸಿಹೋಗಬಹುದು.

2. ತಿದ್ದುವ ಮೊದಲು ಇಳಿಸಿಕೊಳ್ಳಿ. ಇಂಥ ತಾಣಗಳಲ್ಲಿ ಹೆಚ್ಚಿನವು ವಂಶವೃಕ್ಷವನ್ನು ಜೆಡ್‌ಕಾಮ್ ಎಂಬ ಫೈಲಾಗಿ ಕೊಡುತ್ತವೆ. ಅದರಲ್ಲಿ ಹೆಸರು, ತಾರೀಕು, ಸಂಬಂಧ ಬರುತ್ತವೆ. ಫೋಟೋ ಸಾಮಾನ್ಯವಾಗಿ ಬರುವುದಿಲ್ಲ. ಅವನ್ನು ಬೇರೆಯಾಗಿ ಇಳಿಸಬೇಕು. ಬೇಸರದ ಕೆಲಸ, ಆದರೂ ಮಾಡಿ.

3. ಫ್ಯಾಮಿಲಿಸರ್ಚ್ ಎಂಬ ವಂಶವೃಕ್ಷದ ತಾಣದಲ್ಲಿ ಮೃತರ ವಿವರ ಎಲ್ಲರದೂ ಹೌದು, ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರ ವಿವರ ಮಾತ್ರ ಅದನ್ನು ಬರೆದವರ ಖಾಸಗಿ ಜಾಗದಲ್ಲಿರುತ್ತದೆ. ಅಂದರೆ ದೊಡ್ಡಪ್ಪ ಅಲ್ಲಿ ನನ್ನ ಹೆಸರು ಸೇರಿಸಿದ್ದರೂ ಅದು ನನಗೇ ಕಾಣುವುದಿಲ್ಲ!

4. ಡೈರಿಯಲ್ಲಿ ಪಾಸ್‌ವರ್ಡ್ ಸಿಕ್ಕಿತೆಂದು ಅವರ ಹೆಸರಿನಲ್ಲೇ ಬರೆಯುತ್ತಾ ಕೂರಬೇಡಿ. ದೂರದ ನೆಂಟರು ಅವರು ಇನ್ನೂ ಇದ್ದಾರೆಂದೇ ತಿಳಿದು ಆರೋಗ್ಯ ವಿಚಾರಿಸುತ್ತಾರೆ. ಉತ್ತರಿಸುವವರ ಪಾಡು ಬೇಡ. ಮರಣ ಪ್ರಮಾಣ ಪತ್ರ ಲಗತ್ತಿಸಿ, ನಿಮ್ಮ ಸಂಬಂಧ ತಿಳಿಸಿ, ತಾಣದವರಿಗೇ ಬರೆಯಿರಿ. ಚಂದಾ ತಾನಾಗಿ ಕಾರ್ಡಿನಿಂದ ಕಡಿತವಾಗುತ್ತಿದೆಯೇ ಎಂದೂ ನೋಡಿ.

5. ಊರು, ಹೆಸರುಗಳ ತಂಟೆಗೆ ಹೋಗುವಾಗ ನಿಧಾನ. ದೊಡ್ಡಪ್ಪ ತಮ್ಮ ಅಜ್ಜನ ಹುಟ್ಟೂರನ್ನು ‘ಬೆಂಕಿಪುರ’ ಎಂದು ಹಾಕಿದ್ದರು. ಬೆಂಗಳೂರಿನ ತಮ್ಮ ಅದನ್ನು ತಪ್ಪೆಂದುಕೊಂಡು ಅಳಿಸಲು ಹೊರಟಿದ್ದ. ಭದ್ರಾವತಿಯ ಹಳೆಯ ಹೆಸರೇ ಅದು. 1923ರಲ್ಲಿ ಕಾರ್ಖಾನೆಯ ಕುಲುಮೆ ಹೊತ್ತುವುದಕ್ಕೂ ಹಿಂದಿನದು. ಭದ್ರಾ ಅಣೆಕಟ್ಟೆಯ ಹಿನ್ನೀರಿಗೆ ಹೋದ ಹಳ್ಳಿಗಳ ಕತೆಯೂ ಇದೇ. ತಾಣದ ಪಟ್ಟಿಯಲ್ಲಿ ಇಲ್ಲವೆಂದು ಅಣೆಕಟ್ಟೆಯಿರುವ ಲಕ್ಕವಳ್ಳಿಯ ಹೆಸರಿಗೆ ಬದಲಿಸಿದರೆ ಆ ಊರು ಎರಡನೇ ಸಲ ಮುಳುಗಿದಂತೆ. ಹೆಸರಿನದು ಇನ್ನೊಂದು ಫಜೀತಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಮನೆತನದ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್ ಇರುತ್ತದೆ. ಕಂಪ್ಯೂಟರು ‘ಇಬ್ಬರೂ ಒಬ್ಬರೇ, ಸೇರಿಸಲೇ?’ ಎನ್ನುತ್ತದೆ. ಒತ್ತಿದಿರೋ, ಅಜ್ಜನಿಗೆ ಮೊಮ್ಮಗನ ಹೆಂಡತಿ ಬಂದು ಸೇರುತ್ತಾಳೆ. ಹಳೆಯದನ್ನು ಹಾಗೇ ಬಿಟ್ಟು, ನಿಮ್ಮ ಅನುಮಾನವನ್ನು ಟಿಪ್ಪಣಿಯಲ್ಲಿ ಬರೆದಿಡಿ.

6. ಬದುಕಿರುವವರ ಜನ್ಮದಿನಾಂಕ, ತಾಯಿಯ ತವರಿನ ಹೆಸರು ಸಾರ್ವಜನಿಕವಾಗಿ ಕಾಣಬಾರದು. ಗುರುತು ಖಚಿತಪಡಿಸಲು ಬ್ಯಾಂಕುಗಳು ಕೇಳುವುದು ಇವನ್ನೇ. ಸಾಕುಮಗು, ಎರಡನೇ ಸಂಬಂಧದಂಥ ಮನೆಯ ಗುಟ್ಟುಗಳನ್ನು ಅಳಿಸಬೇಡಿ, ಮುಚ್ಚಿಡಿ.

7. ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರಲ್ಲಿ ಆ ವೃತ್ತಿ ಅಪ್ಪನಿಂದ ಮಗನಿಗೆ ಬರುತ್ತದೆ. ಹಾಗಾಗಿ ಅವರ ಒಕ್ಕಲು ಮನೆಗಳ ಲೆಕ್ಕ ಹಿಂದೆಲ್ಲ ಅನಾಥವಾಗುತ್ತಿರಲಿಲ್ಲ. ಇಂಟರ್‌ನೆಟ್ ಖಾತೆಗೆ ವಾರಸುದಾರರನ್ನು ನಾವೇ ಹೆಸರಿಸಬೇಕು. ಗೂಗಲ್‌ನ ನಿಷ್ಕ್ರಿಯ ಖಾತೆಯ ಸೆಟ್ಟಿಂಗ್‌ನಲ್ಲಿ ಹತ್ತು ಜನರವರೆಗೆ ಸೇರಿಸಬಹುದು. ಹಂತಹಂತವಾಗಿ ಜಾರಿಯಾಗುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ಕೂಡ ನಾಮಿನಿ ಮಾಡುವ ಹಕ್ಕು ಕೊಡುತ್ತದೆ. ನಿಮ್ಮ ಮನೆಯಲ್ಲಿ ವಂಶವೃಕ್ಷದ ಹುಚ್ಚು ಹಚ್ಚಿಕೊಂಡ ಹಿರಿಯರಿದ್ದರೆ, ಈ ಭಾನುವಾರವೇ ಪಕ್ಕದಲ್ಲಿ ಕೂತು ಇನ್ನೊಬ್ಬರಿಗೆ ತಿದ್ದುವ ಅಧಿಕಾರ ಕೊಡಿಸಿ.