ಕಂಪನಿ ಗುರುಗ್ರಾಮದ್ದಾದರೂ ದೂರು ನಿಮ್ಮೂರಲ್ಲೇ

ಹಾವೇರಿಯ ಮನೆಗೆ ಆನ್‌ಲೈನ್‌ನಲ್ಲಿ ಹದಿನೆಂಟು ಸಾವಿರದ ವಾಷಿಂಗ್ ಮಷಿನ್ ತರಿಸಿದಿರಿ ಎನ್ನಿ. ತಿಂಗಳೊಳಗೆ ಕೆಟ್ಟಿತು. ಕಂಪನಿ ಗುರುಗ್ರಾಮದ್ದು, ಬಿಲ್ಲಿನ ತಳದಲ್ಲಿ ಸಣ್ಣಕ್ಷರದಲ್ಲಿ ‘ವ್ಯಾಜ್ಯಗಳೆಲ್ಲ ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂದಿದೆ. ಬಹಳ ಜನ ಈ ಸಾಲು ಓದಿಯೇ ಕೈಚೆಲ್ಲುತ್ತಾರೆ. ಚೆಲ್ಲಬೇಕಿಲ್ಲ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಾಲದಲ್ಲಿ ಎದುರುದಾರನ ಕಚೇರಿಯೋ ಶಾಖೆಯೋ ಇರುವಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ–2019ರ 34ನೇ ಕಲಂ, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯನ್ನೂ ಸೇರಿಸಿತು. ಮನೆ ಹಾವೇರಿಯಲ್ಲಿ, ಕೆಲಸ ಬೆಂಗಳೂರಿನಲ್ಲಿ ಎಂದಾದರೆ ಎರಡರಲ್ಲಿ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು. ಅದಕ್ಕೆ ತಕ್ಕ ವಿಳಾಸದ ಪುರಾವೆ ಲಗತ್ತಿಸಿ. ವಸ್ತುವಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು.

ಮರುಮಾರಾಟಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಹೊಲಿಗೆ ಯಂತ್ರ ಕೊಂಡ ದರ್ಜಿ ಗ್ರಾಹಕನೇ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಹೊರರಾಜ್ಯದ ಕಂಪನಿಯ ಮೇಲಿನ ದೂರಿನಲ್ಲಿ ನಿಜವಾದ ತೊಡಕು ಕಾನೂನಿನದಲ್ಲ, ಹೆಸರು–ವಿಳಾಸದ್ದು. ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಹೆಸರು ಕಂಪನಿಯ ಹೆಸರಾಗಿರಬೇಕೆಂದೇನಿಲ್ಲ. ತಪ್ಪು ಹೆಸರಿಗೆ ನೋಟಿಸ್ ಹೋದರೆ ಅದು ಮರಳಿ ಬರುತ್ತದೆ, ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಬಿಲ್ಲಿನಲ್ಲಿರುವ ಮಾರಾಟಗಾರನ ಪೂರ್ಣ ಹೆಸರು, ಜಿಎಸ್‌ಟಿ ಸಂಖ್ಯೆ ನೋಡಿ. ಅದು ನೋಂದಾಯಿತ ಕಂಪನಿಯಾದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಚೇರಿಯ ವಿಳಾಸ ಸಿಗುತ್ತದೆ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಳಿಗೆಗಳು ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಪ್ರಕಟಿಸಲೇಬೇಕು. ಮಾರಾಟಗಾರ, ತಯಾರಕ, ಆನ್‌ಲೈನ್ ಮಳಿಗೆ ಮೂವರಿಗೂ ಪಾತ್ರವಿದ್ದರೆ ಮೂವರನ್ನೂ ಎದುರುದಾರರನ್ನಾಗಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡುತ್ತಾ ಕೂರುತ್ತಾರೆ.

ಮೊದಲು ಮಳಿಗೆಯ ಕುಂದುಕೊರತೆ ಅಧಿಕಾರಿಗೇ ಇ–ಮೇಲ್ ಬರೆಯಿರಿ. ಅವರು 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರಿ. ಇಷ್ಟಕ್ಕೇ ಹಣ ಮರಳಿಸುವ ಕಂಪನಿಗಳೂ ಉಂಟು. ಆಗದಿದ್ದರೆ ನೋಂದಾಯಿತ ಕಚೇರಿಗೆ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಜಾಹೀರಾತಿನ ಪುಟ, ಆರ್ಡರ್, ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆದಿರಲಿ. ಆ ಪುಟಗಳು ಯಾವಾಗ ಮಾಯವಾಗುತ್ತವೋ ಹೇಳಲಾಗದು.

ದೂರನ್ನು ಆಯೋಗಕ್ಕೆ ಹೋಗಿಯೂ ಕೊಡಬಹುದು, ಇ–ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆಗಳನ್ನು ದಿನಾಂಕವಾರು ಬರೆಯಿರಿ. ಕೊಟ್ಟ ಹಣ, ಬಡ್ಡಿ, ಪರಿಹಾರ, ದೂರಿನ ಖರ್ಚು ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳಿ. ಹದಿನೆಂಟು ಸಾವಿರದ ಯಂತ್ರಕ್ಕೆ ಹತ್ತು ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ. ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಲು ಮರೆಯಬೇಡಿ.

ನೋಟಿಸ್ ತಲುಪಿದ ಮೇಲೆ ಕಂಪನಿಗೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. 45 ದಿನ ದಾಟಿದರೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಸ್ಪಷ್ಟಪಡಿಸಿದೆ. ವಿಡಿಯೊ ಮೂಲಕ ವಿಚಾರಣೆ ಕೋರಿ ಅರ್ಜಿ ಹಾಕಬಹುದು. ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕೂರಬೇಡಿ, ಹೆಚ್ಚೇ ಹಿಡಿಯುತ್ತದೆ.

ಗೆದ್ದ ಮೇಲೂ ಕಂಪನಿ ಸುಮ್ಮನಿದ್ದರೆ ಅದೇ ಆಯೋಗದಲ್ಲಿ 71ನೇ ಕಲಂನಡಿ ಅಮಲ್ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಂ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಮೇಲ್ಮನವಿಗೆ ಹೋಗುವ ಕಂಪನಿ ಆದೇಶಿತ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು.

ಕಂಪನಿ ವಿದೇಶದ್ದೇ ಆಗಿದ್ದು ಇಲ್ಲಿ ಕಚೇರಿಯೂ ಆಸ್ತಿಯೂ ಇಲ್ಲದಿದ್ದರೆ ಮಾತು ಬೇರೆ. ಇಲ್ಲಿ ಆದೇಶ ಸಿಕ್ಕರೂ ಅಲ್ಲಿ ವಸೂಲಿ ಕಷ್ಟ. ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ತಡಮಾಡದೆ, ಹಣ ಮರಳಿಸುವಂತೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೋರಿ ಬರೆಯಿರಿ, ಅದಕ್ಕೂ ಗಡುವಿದೆ.