ಹೊಸೂರಿನಿಂದ ಕ್ಲ್ಯಾಟ್: ಪಾಠ ಹೇಳುತ್ತ ಕಂಡದ್ದು

ಹಗಲು ತಮಿಳುನಾಡಿನ ಹೊಸೂರು ಕೋರ್ಟಿನಲ್ಲಿ ವಕೀಲಿಕೆ, ಸಂಜೆ ಪ್ಲಸ್ ಟೂ ಮಕ್ಕಳಿಗೆ ಕಾನೂನು ಪ್ರವೇಶ ಪರೀಕ್ಷೆ ಕ್ಲ್ಯಾಟಿನ ಪಾಠ. ಇದು ನನ್ನ ಬಹುಕಾಲದ ರೂಢಿ. ಬರುವವರಲ್ಲಿ ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯ ಕನ್ನಡದ ಮಕ್ಕಳೇ ಹೆಚ್ಚು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಪರೀಕ್ಷೆ ಮಾತ್ರ ಇಂಗ್ಲಿಷಿನದು. ಅಪ್ಪ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲೋ ಗುಲಾಬಿ ತೋಟದಲ್ಲೋ ದುಡಿಯುವ ಮನೆಗಳವು. ದೊಡ್ಡ ಊರಿನ ಕೋಚಿಂಗ್ ಪುಸ್ತಕಗಳು ಇಂಥ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಲ್ಲ. ಆ ಪುಸ್ತಕಗಳಲ್ಲಿ ಸಿಗದ ಕೆಲವು ಮಾತುಗಳನ್ನಾದರೂ ಇಲ್ಲಿ ಬರೆದಿಡುತ್ತೇನೆ.

1. ಪುಸ್ತಕ ಕೊಳ್ಳುವ ಮುಂಚೆ ಪ್ರವೇಶದ ನಿಯಮ ಓದಿ

ಮೊದಲ ದಿನ ಬರುವ ತಂದೆತಾಯಿಯರ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಸಾರ್, ನಾವು ಕನ್ನಡದೋರು. ಬೆಂಗಳೂರು ಲಾ ಸ್ಕೂಲಲ್ಲಿ ಕರ್ನಾಟಕದೋರಿಗೆ ಕೋಟಾ ಇದೆಯಂತಲ್ಲ, ನಮ್ಮ ಹುಡುಗೀಗೆ ಸಿಗುತ್ತೆ ತಾನೆ?"

ಸಿಗುವುದಿಲ್ಲ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ 25ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಇರುವುದು ನಿಜ. ಆದರೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿ ಎನಿಸಿಕೊಳ್ಳಲು ಆ ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿರಬೇಕು. ಮನೆಮಾತು ಯಾವುದೆಂದು ನಿಯಮ ಕೇಳುವುದೇ ಇಲ್ಲ. ಹೊಸೂರಿನ ತಮಿಳರ ಹುಡುಗ ಚಿಕ್ಕಂದಿನಿಂದ ಜೂಜುವಾಡಿ ಗಡಿ ದಾಟಿ ಕರ್ನಾಟಕದ ಅತ್ತಿಬೆಲೆಯ ಶಾಲೆಗೆ ಹೋಗಿದ್ದರೆ ಅವನು ಆ ಕೋಟಾಕ್ಕೆ ಅರ್ಹ. ತಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ ಗೌಡರ ಹುಡುಗಿ ಅರ್ಹಳಲ್ಲ. ಇದನ್ನು ಕೇಳಿ ಸಿಟ್ಟಾಗುವವರಿದ್ದಾರೆ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಶೇ 25 ಬಂದ ದಾರಿಯೂ ಸುಲಭದ್ದಲ್ಲ. 2020ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ತಿದ್ದಿ ಮೀಸಲಾತಿ ತಂದಿತು, ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆಮೇಲೆ ಲಾ ಸ್ಕೂಲು ತನ್ನದೇ ನೀತಿಯಾಗಿ ಅದನ್ನು ಜಾರಿಗೆ ತಂದಿತು.

ನಮ್ಮ ಮಕ್ಕಳ ಪಾಲಿನ ಬಾಗಿಲು ಇರುವುದು ತಿರುಚಿರಾಪಳ್ಳಿಯಲ್ಲಿ. ಅಲ್ಲಿನ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲ್ಯಾಟ್ ರ‍್ಯಾಂಕಿನ ಮೇಲೇ ಸೇರಿಸಿಕೊಳ್ಳುತ್ತದೆ, ಈ ರಾಜ್ಯದವರಿಗೆಂದು ಸೀಟುಗಳನ್ನೂ ಮೀಸಲಿಟ್ಟಿದೆ. ಅದಕ್ಕೆ ಬೇಕಾದ ನೇಟಿವಿಟಿ ಸರ್ಟಿಫಿಕೇಟನ್ನು ಈಗಲೇ ಮಾಡಿಸಿ. ಜಾತಿ ಪ್ರಮಾಣಪತ್ರದ ವಿಷಯದಲ್ಲೂ ಎಚ್ಚರ ಬೇಕು. ತಮಿಳುನಾಡು ಕೊಡುವುದು ಬಿಸಿ, ಎಂಬಿಸಿ ಎಂಬ ವರ್ಗಗಳ ಪತ್ರ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ, ಅದರ ನಮೂನೆಯೂ ಬೇರೆ. ರ‍್ಯಾಂಕ್ ಬಂದ ಮೇಲೆ ತಾಲ್ಲೂಕು ಕಚೇರಿಗೆ ಓಡಿದರೆ ಕಾಗದ ಕೈಸೇರುವ ಹೊತ್ತಿಗೆ ಕೌನ್ಸೆಲಿಂಗ್ ಮುಗಿದಿರುತ್ತದೆ.

2. ಅಣ್ಣನ ಹಳೆಯ ಗೈಡು ಕೆಲಸಕ್ಕೆ ಬಾರದು

ಮೊದಲೆಲ್ಲ ಒಂದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೂ ಒಂದೊಂದು ಪರೀಕ್ಷೆಯಿತ್ತು. ಸುಪ್ರೀಂ ಕೋರ್ಟಿಗೆ ಅರ್ಜಿ ಹೋದ ಮೇಲೆ 2008ರಲ್ಲಿ ಅವುಗಳಲ್ಲಿ ಹಲವಕ್ಕೆ ಸೇರಿ ಕ್ಲ್ಯಾಟ್ ಶುರುವಾಯಿತು. ಆಗ ಅದು ನೆನಪಿನ ಪರೀಕ್ಷೆಯಾಗಿತ್ತು. ಲ್ಯಾಟಿನ್ ಸೂತ್ರ, ರಾಜಧಾನಿ, ಪ್ರಶಸ್ತಿ, ಎಲ್ಲ ಬಾಯಿಪಾಠ. 2020ರಿಂದ ರೀತಿಯೇ ಬದಲಾಗಿದೆ. ಈಗ 120 ಪ್ರಶ್ನೆ, 120 ನಿಮಿಷ. ಕಾನೂನು ತರ್ಕಕ್ಕೆ 28ರಿಂದ 32, ಪ್ರಚಲಿತ ವಿದ್ಯಮಾನಕ್ಕೂ ಅಷ್ಟೇ. ಇಂಗ್ಲಿಷಿಗೂ ತರ್ಕಕ್ಕೂ ತಲಾ 22ರಿಂದ 26. ಗಣಿತಕ್ಕೆ 10ರಿಂದ 14. ಗಣಿತ ಬಿಟ್ಟು ಉಳಿದೆಲ್ಲಕ್ಕೂ ಸುಮಾರು 450 ಪದಗಳ ಗದ್ಯಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳುತ್ತಾರೆ. ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಎಂಟರಿಂದ ಹತ್ತು ಸಾವಿರ ಇಂಗ್ಲಿಷ್ ಪದ ಓದಿ, ಅರ್ಥ ಮಾಡಿಕೊಂಡು, ಉತ್ತರದ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಬೇಕು. ನಮ್ಮ ಮಕ್ಕಳು ಸೋಲುವುದು ಬುದ್ಧಿಯಲ್ಲಲ್ಲ, ಈ ವೇಗದಲ್ಲಿ. ಗಣಿತವಂತೂ ಹತ್ತನೇ ತರಗತಿಯದು: ಶೇಕಡಾವಾರು, ಅನುಪಾತ, ಬಡ್ಡಿ. ವಾರಕ್ಕೆರಡು ಸಲ ಕೂತರೆ ಸಾಕು.

3. ಪುಟದಲ್ಲಿ ಇರುವುದನ್ನು ಓದಿ, ನಿಮಗೆ ಗೊತ್ತಿರುವುದನ್ನಲ್ಲ

ನನ್ನ ಮಟ್ಟಿಗೆ ಇಡೀ ತಯಾರಿಯ ತಿರುಳು ಇದೇ. ಕಾನೂನು ತರ್ಕದ ಭಾಗಕ್ಕೆ ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ತತ್ವವನ್ನು ಅವರೇ ಕೊಡುತ್ತಾರೆ. ಅದನ್ನು ಸಂಗತಿಗೆ ಹೊಂದಿಸಿದರಾಯಿತು. ಕಷ್ಟವಿರುವುದು ನಮ್ಮ ಅನಿಸಿಕೆಯನ್ನು ಹೊರಗಿಡುವುದರಲ್ಲಿ.

ನಾನು ತರಗತಿಯಲ್ಲಿ ಕೊಡುವ ಒಂದು ಪ್ರಶ್ನೆ ನೋಡಿ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿದ ತತ್ವ: ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕು. ಈಗ ಸಂಗತಿ. ಕನ್ನಡಿಗರ ಒಂದು ಟ್ರಸ್ಟು ಡೆಂಕಣಿಕೋಟೆಯಲ್ಲಿ ಕನ್ನಡ ಶಾಲೆ ನಡೆಸುತ್ತದೆ. ಅದೇ ಟ್ರಸ್ಟು ಆನೇಕಲ್ಲಿನಲ್ಲಿ ಇನ್ನೊಂದು ಶಾಲೆ ತೆರೆಯುತ್ತದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಕೊಡುವ ರಕ್ಷಣೆಯನ್ನು ಟ್ರಸ್ಟು ಎರಡೂ ಕಡೆ ಕೇಳಬಹುದೆ?

ಮೊದಲ ಸಲ ಬಹುಪಾಲು ಮಕ್ಕಳು "ಹೌದು" ಎನ್ನುತ್ತಾರೆ. ಅದೇ ಟ್ರಸ್ಟು, ಅದೇ ಭಾಷೆ, ಅವರೇ ಮೇಷ್ಟ್ರು, ಮತ್ತೇನು ವ್ಯತ್ಯಾಸ ಎಂಬ ವಾದ. ಇನ್ನು ಕೆಲವರು "ಕನ್ನಡಿಗರು ಎಲ್ಲಿಯ ಅಲ್ಪಸಂಖ್ಯಾತರು ಸಾರ್, ಕೋಟಿಗಟ್ಟಲೆ ಇದ್ದೀವಿ" ಎಂದು ಎರಡೂ ಕಡೆ ಇಲ್ಲವೆನ್ನುತ್ತಾರೆ. ಎರಡೂ ತಪ್ಪು. ತಮಿಳುನಾಡಿನ ಡೆಂಕಣಿಕೋಟೆಯಲ್ಲಿ ಕೇಳಬಹುದು, ಕರ್ನಾಟಕದ ಆನೇಕಲ್ಲಿನಲ್ಲಿ ಆಗದು. ಮೊದಲನೆಯವರು ತತ್ವವನ್ನು ಮರೆತರು, ಎರಡನೆಯವರು ತಮ್ಮದೇ ತತ್ವ ತಂದರು. ಕೋಟಾದ ನಿಯಮದಲ್ಲಿ ಅಪ್ಪ ಎಡವಿದ್ದೂ ಇಲ್ಲೇ, ಮಗಳು ಎಡವುವುದೂ ಇಲ್ಲೇ ಎಂದು ನಾನು ತಮಾಷೆ ಮಾಡುವುದುಂಟು.

4. ಪ್ರಚಲಿತ ವಿದ್ಯಮಾನ ಮನೆಬಾಗಿಲಲ್ಲೇ ಇದೆ

ತಿಂಗಳಿಗೊಂದು ಮ್ಯಾಗಜೀನು ತರಿಸಿ ಉರುಹೊಡೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೃಷ್ಣಗಿರಿ ಜಿಲ್ಲೆಯಲ್ಲಿ ಕಣ್ಣು ತೆರೆದುಕೊಂಡು ಬದುಕಿದರೆ ಅರ್ಧ ಪಠ್ಯ ತಾನಾಗಿ ಸಿಗುತ್ತದೆ. ಕಾವೇರಿ ತೀರ್ಪನ್ನೇ ತೆಗೆದುಕೊಳ್ಳಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕೆಂದಿತು. ಆ ನೀರನ್ನು ಅಳೆಯುವ ಬಿಳಿಗುಂಡ್ಲು ಇರುವುದು ನಮ್ಮ ಜಿಲ್ಲೆಯಲ್ಲೇ, ಅಂಚೆಟ್ಟಿಯ ಆಚೆ. ಅಂತರರಾಜ್ಯ ನದಿ ವಿವಾದಕ್ಕೆ ಸಂವಿಧಾನದ 262ನೇ ವಿಧಿ, 1956ರ ಕಾಯ್ದೆ, ನ್ಯಾಯಮಂಡಳಿ ಎಂದು ಪಾಠ ಮಾಡುವುದಕ್ಕಿಂತ ಬಿಳಿಗುಂಡ್ಲುವಿನಿಂದ ಶುರು ಮಾಡಿದರೆ ಮಕ್ಕಳಿಗೆ ಮರೆಯುವುದಿಲ್ಲ.

ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಂಗಳೂರಿನ ಕೊಳಚೆಯಿಂದ ನೊರೆ ಏಳುವುದನ್ನು ನೋಡದ ಹೊಸೂರಿನವರಿಲ್ಲ. ಆ ಅಣೆಕಟ್ಟಿರುವ ದಕ್ಷಿಣ ಪಿನಾಕಿನಿಯ ನೀರಿಗಾಗಿ ತಮಿಳುನಾಡು ಕರ್ನಾಟಕದ ಮೇಲೆ ದಾವೆ ಹೂಡಿತು, 131ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿನಲ್ಲಿ. ಇನ್ನು ನಮ್ಮ ಕಡೆಯ ಎತ್ತು ಬಿಡುವ ಹಬ್ಬ. ಜಲ್ಲಿಕಟ್ಟು ತಮಿಳುನಾಡಿನದು, ಕಂಬಳ ಕರ್ನಾಟಕದ್ದು. ಎರಡಕ್ಕೂ ಸೇರಿ 2023ರ ಮೇ 18ರಂದು ಸಂವಿಧಾನ ಪೀಠದ ಒಂದೇ ತೀರ್ಪು ಬಂತು. ಸಿಪ್ಕಾಟ್ ಗೇಟಿನ ಗುತ್ತಿಗೆ ಕಾರ್ಮಿಕರ ಮಕ್ಕಳಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಬಗ್ಗೆ ಬೇರೆ ಹೇಳಬೇಕೆ, ಮನೆಯಲ್ಲೇ ಚರ್ಚೆ ನಡೆದಿರುತ್ತದೆ.

ಅವರ ಶಾಲೆಯೇ ಒಂದು ಮೊಕದ್ದಮೆ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಭಾಷಾ ಅಲ್ಪಸಂಖ್ಯಾತ ಶಾಲೆಗಳು ಕೋರ್ಟಿಗೆ ಹೋದವು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹತ್ತನೇ ತರಗತಿಯ ತಮಿಳು ಪರೀಕ್ಷೆಯಿಂದ ಆ ಶಾಲೆಗಳಿಗೆ ಇದ್ದ ವಿನಾಯಿತಿಯನ್ನು ಇನ್ನೊಂದು ವರ್ಷ ಮುಂದುವರಿಸಿತು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತಾಡುವ 350ಎ ವಿಧಿಯನ್ನು ಇವರಿಗಿಂತ ಚೆನ್ನಾಗಿ ಯಾರು ಓದಬಲ್ಲರು?

5. ಇಂಗ್ಲಿಷಿಗೆ ಅಡ್ಡದಾರಿಯಿಲ್ಲ, ಆದರೆ ಕನ್ನಡದ ಮೆಟ್ಟಿಲಿದೆ

ಮೊದಲ ಎರಡು ತಿಂಗಳು ಹೀಗೆ ಮಾಡಿಸುತ್ತೇನೆ: ಒಂದೇ ವಿಷಯದ ಮೇಲೆ ಮೊದಲು ಪ್ರಜಾವಾಣಿಯ ಸಂಪಾದಕೀಯ, ಹಿಂದೆಯೇ ದಿ ಹಿಂದೂವಿನದು. ವಿಷಯ ಆಗಲೇ ತಲೆಗೆ ಹೋಗಿರುವುದರಿಂದ ಇಂಗ್ಲಿಷ್ ವಾಕ್ಯ ಬೆದರಿಸುವುದಿಲ್ಲ. ಎರಡು ತಿಂಗಳಾದ ಮೇಲೆ ಕನ್ನಡದ ಊರುಗೋಲು ಕಸಿದುಕೊಳ್ಳುತ್ತೇನೆ. ಇಲ್ಲವಾದರೆ ಮಕ್ಕಳು ಇಂಗ್ಲಿಷ್ ಓದುತ್ತ ಒಳಗೊಳಗೇ ಕನ್ನಡ ಮಾಡಿಕೊಳ್ಳುತ್ತಾರೆ, ವೇಗ ಅಲ್ಲಿಗೇ ನಿಲ್ಲುತ್ತದೆ. ಓದಿದ ಮೇಲೆ ಪ್ರತಿ ಪ್ಯಾರಾಕ್ಕೂ ಲೇಖಕ ಏನು ಹೇಳಿದ, ಯಾಕೆ ಹೇಳಿದ ಎಂದು ಒಂದೊಂದು ಸಾಲು ಬರೆಯಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳೇ ಈ ಕೆಲಸಕ್ಕೆ ಹೆಚ್ಚು ಗೊಣಗುವವರು.

6. ಊಹೆಗೂ ಲೆಕ್ಕವಿದೆ

ತಪ್ಪಿಗೆ 0.25 ಅಂಕ ಕಳೆಯುತ್ತಾರೆ ಎಂದು ಹೆದರಿ ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. ಕಣ್ಣುಮುಚ್ಚಿ 12 ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು, 3ರಲ್ಲಿ 2.25 ಹೋಗಿ ಉಳಿಯುವುದು 0.75. ಹೆಚ್ಚೇನಲ್ಲ, ನಷ್ಟವೂ ಅಲ್ಲ. ಆದರೆ ನಾಲ್ಕರಲ್ಲಿ ಎರಡು ಉತ್ತರ ಖಂಡಿತ ಅಲ್ಲವೆಂದು ಹೊಡೆದುಹಾಕಿ ಅದೇ 12ಕ್ಕೆ ಊಹಿಸಿದರೆ 6 ಸರಿ, 6 ತಪ್ಪು, ಕೈಗೆ 4.5 ಅಂಕ. ರ‍್ಯಾಂಕ್ ಪಟ್ಟಿಯಲ್ಲಿ ಅದು ನೂರಾರು ಜನರ ಅಂತರ. ಪೂರ್ತಿ ಕುರುಡು ಊಹೆ ಬೇಡ, ಅರೆಗಣ್ಣಿನ ಊಹೆ ಬಿಡಬೇಡಿ.

7. ಭಾನುವಾರ ಮಧ್ಯಾಹ್ನ ಎರಡು ಗಂಟೆ

ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ, ಎರಡರಿಂದ ನಾಲ್ಕರವರೆಗೆ. ರಾಗಿಮುದ್ದೆ ಉಂಡು ಕಣ್ಣೆಳೆಯುವ ಹೊತ್ತು. ಅದಕ್ಕೇ ಮಾದರಿ ಪರೀಕ್ಷೆಗಳನ್ನು ಬೆಳಗ್ಗೆ ಮಾಡಿಸುವುದಿಲ್ಲ. ತಮಿಳುನಾಡಿನ ಪ್ಲಸ್ ಟೂ ಅರ್ಧವಾರ್ಷಿಕ ಪರೀಕ್ಷೆಯೂ ಅದೇ ಡಿಸೆಂಬರಿನಲ್ಲಿ ಬರುತ್ತದೆ. ಅಕ್ಟೋಬರ್ ಮುಗಿಯುವುದರೊಳಗೆ ಶಾಲೆಯ ಪಾಠ ಒಂದು ಸುತ್ತು ಮುಗಿಸಿಕೊಂಡವರಿಗೆ ನವೆಂಬರ್ ಹಗುರ.

8. ಬೆಂಗಳೂರಿನ ಕೋಚಿಂಗಿಗೆ ಹೋಗುವುದಾದರೆ

ಜಯನಗರಕ್ಕೋ ಕೋರಮಂಗಲಕ್ಕೋ ಹೋಗಿಬರುವ ಮಕ್ಕಳನ್ನು ನೋಡಿದ್ದೇನೆ. ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಓದುವ ಚೈತನ್ಯವೆಲ್ಲ ಬಸ್ಸಿಗೆ ಅರ್ಪಣೆ. ದಿನಾ ಹೋಗುವುದು ಬೇಡ. ಆನ್‌ಲೈನ್ ಪಾಠ, ಮಾದರಿ ಪ್ರಶ್ನೆಪತ್ರಿಕೆ, ಪರೀಕ್ಷೆ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟವೇ ಉಚಿತವಾಗಿ ಕೊಡುವ ಮಾದರಿಗಳು, ಇಷ್ಟು ಸಾಕು. ದುಡ್ಡಿಲ್ಲದ ಮನೆಯ ಜಾಣ ಮಕ್ಕಳಿಗೆ ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ 'ಇಡಿಯಾ' ಸಂಸ್ಥೆಯ ಬಗ್ಗೆ ಹೇಳಿಕೊಡುತ್ತೇನೆ. ಆಯ್ಕೆಯಾದವರಿಗೆ ತರಬೇತಿ ಕೊಟ್ಟು, ಸೀಟು ಸಿಕ್ಕ ಮೇಲೂ ಕೈಬಿಡುವುದಿಲ್ಲ.

ಇಲ್ಲೇ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಮದರಾಸಿನಲ್ಲಿ ಕಾನೂನು ಮುಗಿಸಿ, 1900ರಲ್ಲಿ ಸೇಲಂನಲ್ಲಿ ವಕೀಲಿಕೆಗೆ ಕೂತರು. ನಮ್ಮ ಮಕ್ಕಳ ಓಡಾಟ ಹೊಸದೇನಲ್ಲ. ರಾಜಾಜಿಗೆ ಸಿಲ್ಕ್ ಬೋರ್ಡ್ ಇರಲಿಲ್ಲ, ಅಷ್ಟೇ.

9. ಪ್ರಶ್ನೆಯೇ ತಪ್ಪಿರಬಹುದು, ಜಗಳ ಆಮೇಲೆ

2024ರ ಡಿಸೆಂಬರ್ 1ರ ಪರೀಕ್ಷೆಯ ಉತ್ತರಗಳ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಅರ್ಜಿಗಳು ಬಿದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2025ರ ಮೇ ತಿಂಗಳಲ್ಲಿ ಇತ್ಯರ್ಥವಾಯಿತು. ಅಷ್ಟೂ ತಿಂಗಳು ಮಕ್ಕಳು ಕಾದು ಕೂತರು. ಒಂದು ಪ್ರಶ್ನೆ ಎಡವಟ್ಟಾಗಿ ಕಂಡರೆ ಪರೀಕ್ಷಾ ಕೊಠಡಿಯಲ್ಲಿ ಅದರೊಂದಿಗೆ ಕುಸ್ತಿಗೆ ಬೀಳದೆ ಮುಂದಿನದಕ್ಕೆ ಹೋಗಿ. ಆಕ್ಷೇಪಣೆ ಸಲ್ಲಿಸಲು ಬೇರೆ ದಿನ ಕೊಡುತ್ತಾರೆ.

10. ಧರ್ಮಪುರಿಯ ಬಸ್ಸೂ ಕಾನೂನು ಕಾಲೇಜಿಗೇ ಹೋಗುತ್ತದೆ

ಕ್ಲ್ಯಾಟ್ ಅರ್ಜಿಗೆ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 4,000, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 3,500 ರೂಪಾಯಿ. ಕೌನ್ಸೆಲಿಂಗಿಗೆ ಹೆಸರು ಕೊಡುವಾಗ ಮತ್ತೆ ಹತ್ತಾರು ಸಾವಿರ, ಸೀಟು ಸಿಕ್ಕರೆ ವರ್ಷಕ್ಕೆ ಲಕ್ಷಗಳ ಮಾತು. ಈ ಲೆಕ್ಕವನ್ನು ಮೊದಲ ದಿನವೇ ಅಪ್ಪ ಅಮ್ಮನ ಮುಂದೆ ಇಡುತ್ತೇನೆ. ಜೊತೆಗೆ ಇನ್ನೊಂದು ದಾರಿಯನ್ನೂ ಹೇಳುತ್ತೇನೆ: ಧರ್ಮಪುರಿ, ಸೇಲಂ ಸರ್ಕಾರಿ ಕಾನೂನು ಕಾಲೇಜುಗಳಲ್ಲಿ ಪ್ರವೇಶ ಪರೀಕ್ಷೆಯೇ ಇಲ್ಲ, ಪ್ಲಸ್ ಟೂ ಅಂಕದ ಮೇಲೆ ಸೀಟು, ಶುಲ್ಕ ಬಡವರ ಕೈಗೆ ಎಟುಕುವಂಥದ್ದು. ಹಾಗಾಗಿ ಕ್ಲ್ಯಾಟ್ ಹುಚ್ಚಿನಲ್ಲಿ ಮಾರ್ಚಿನ ಪಬ್ಲಿಕ್ ಪರೀಕ್ಷೆ ಕೆಡಿಸಿಕೊಂಡವರಿಗೆ ಎರಡೂ ಬಾಗಿಲು ಮುಚ್ಚುತ್ತವೆ. ನಾಗರಭಾವಿಯಲ್ಲಿ ಓದಿದರೂ ಧರ್ಮಪುರಿಯಲ್ಲಿ ಓದಿದರೂ ವಕೀಲರಾಗಲು ಬಾರ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು, ಅಖಿಲ ಭಾರತ ಬಾರ್ ಪರೀಕ್ಷೆ ಬರೆಯಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನೋಂದಣಿಗೆ ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ಕೇಳುವಂತಿಲ್ಲ: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಎಸ್‌ಸಿ, ಎಸ್‌ಟಿಯವರಿಗೆ 125.